ಗುಡ್ಡದ ಕೇಪಳ ಕುಂಡಕ್ಕೆ ಬಂದ ಬಗೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಆದರೆ ಹಿತ್ತಲ ಗಿಡಕ್ಕೆ ತನ್ನ ಹೆಸರೇ ಇಲ್ಲದಂತಾಗುವ ಸಂದರ್ಭವೂ ಉಂಟೆಂಬುದನ್ನು ಗಾದೆ ಮಾಡಿದವರು ನೆನೆಸಿರಲಾರರು. ಪಟ್ಟಣದ ಯಾವುದಾದರೂ ಸಸಿ ಮಾರುವ ಅಂಗಡಿಯಲ್ಲಿ ಒಂದು ಗಿಡ ಕಣ್ಣಿಗೆ ಬೀಳುತ್ತದೆ. ಮೊಣಕಾಲೆತ್ತರದ ಅಡಕವಾದ ಪೊದೆ. ವರ್ಷವೆಲ್ಲ ಉದುರದೆ ಹೊಳೆಯುವ ದಪ್ಪ ಹಸಿರೆಲೆ. ಒಂದೊಂದು ರೆಂಬೆಯ ತುದಿಯಲ್ಲಿಯೂ ಚೆಂಡು ಕಟ್ಟಿದಂತೆ ಕೆಂಪು ಹೂವಿನ ಗೊಂಚಲು. ಹೆಸರೇನೆಂದು ಕೇಳಿದರೆ ಅಂಗಡಿಯವರು ‘ಇಕ್ಸೋರ’ ಎನ್ನುತ್ತಾರೆ. ಗಿರಾಕಿ ಇನ್ನೂ ಅನುಮಾನಿಸಿದರೆ ‘ಹೊರದೇಶದ ಜಾತಿ ಸ್ವಾಮಿ’ ಎಂದು ಸೇರಿಸುವುದೂ ಉಂಟು. ದಕ್ಷಿಣ ಕನ್ನಡದಿಂದಲೋ ಮಲೆನಾಡಿನಿಂದಲೋ ಬಂದ ಅಜ್ಜಿಯೊಬ್ಬರು ಆ ಗಿಡವನ್ನು ನೋಡಿದರೆ ಮಾತ್ರ, ‘ಇದು ನಮ್ಮ ಗುಡ್ಡದ ಕೇಪಳವಲ್ಲವೆ? ಇದಕ್ಕೂ ದುಡ್ಡು ಕೊಡಬೇಕೆ?’ ಎಂದು ಬೆರಗಾಗುತ್ತಾರೆ.

ಅಂಗಡಿಯವರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ, ಅಜ್ಜಿಯ ಮಾತಿನಲ್ಲಿಯೂ ಸತ್ಯವಿದೆ. ಈ ಎರಡು ಸತ್ಯಗಳ ನಡುವೆ ಸುಮಾರು ಮುನ್ನೂರೈವತ್ತು ವರ್ಷಗಳ ಒಂದು ಪ್ರವಾಸಕಥೆ ಅಡಗಿದೆ. ಮನೆಯ ಮಗನೊಬ್ಬ ದೇಶಾಂತರ ಹೋಗಿ, ವೇಷಭಾಷೆಗಳನ್ನು ಬದಲಿಸಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಮನೆಯವರೇ ಗುರುತು ಹಿಡಿಯದೆ ಹೋದಂತೆ ಆಗಿದೆ ಈ ಗಿಡದ ಪಾಡು. ಅದರ ಮೂಲವನ್ನೂ ಪ್ರಯಾಣವನ್ನೂ ತಿಳಿದುಕೊಂಡರೆ ಅದನ್ನು ಕುಂಡದಲ್ಲಿ ಬೆಳೆಸುವ ಬಗೆಯೂ ತಾನಾಗಿ ತಿಳಿಯುತ್ತದೆ. ಏಕೆಂದರೆ ಗಿಡಗಳು ನಮ್ಮ ಹಾಗಲ್ಲ. ಎಷ್ಟು ದೂರ ಹೋದರೂ ಹುಟ್ಟಿದ ಮಣ್ಣನ್ನು ಅವು ಮರೆಯುವುದಿಲ್ಲ.

ಮೊದಲು ಮನೆಯ ಹೆಸರುಗಳನ್ನು ನೋಡೋಣ. ಕೇಪಳ, ಕೇಪುಳ ಎಂಬುವು ಕರಾವಳಿಯಲ್ಲಿ ಬಳಕೆಯಲ್ಲಿರುವ ಹೆಸರುಗಳು. ಗುಡ್ಡೆದಾಸವಾಳ, ಹೊಳೆದಾಸವಾಳ ಎಂದೂ ಕರೆಯುವುದುಂಟು. ದಾಸವಾಳಕ್ಕೂ ಇದಕ್ಕೂ ಸಸ್ಯಶಾಸ್ತ್ರದ ಪ್ರಕಾರ ಯಾವ ನಂಟೂ ಇಲ್ಲ. ಕೆಂಪು ಬಣ್ಣವೊಂದನ್ನೇ ಕಂಡು ಜನ ಇಟ್ಟ ಹೆಸರು ಅದು. ಆದರೆ ಇನ್ನೊಂದು ಹೆಸರಿದೆ, ‘ಕಿಸುಕಾರೆ’ ಎಂದು. ಇದೇ ಕೆಲವರ ಬಾಯಲ್ಲಿ ಕಿಸ್ಕಾರವಾಗಿದೆ. ಕನ್ನಡ ಬಲ್ಲವರು ಈ ಮಾತಿನ ಮುಂದೆ ಒಂದು ನಿಮಿಷ ನಿಲ್ಲಬೇಕು. ‘ಕಿಸು’ ಎಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಎಂದರೆ ಕೆಂಪು ಊರು. ಅಲ್ಲಿಯ ಕೆಂಪು ಮರಳುಗಲ್ಲನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ಕಿಸುಕಾರೆ ಎಂದರೆ ಕೆಂಪು ಕಾರೆ. ಕಾರೆಯೆಂಬುದು ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ಮುಳ್ಳುಪೊದೆ. ಅದರ ಹಳದಿ ಹಣ್ಣನ್ನು ದನ ಕಾಯುವ ಹುಡುಗರು ಬಲ್ಲರು.

ಕಾರೆಗೆ ಮುಳ್ಳಿದೆ, ಕೇಪಳಕ್ಕೆ ಮುಳ್ಳಿಲ್ಲ. ಕಾರೆಯ ಹೂವು ಬಹಳ ಸಣ್ಣದು, ಕೇಪಳದ್ದು ಕಣ್ಣು ಸೆಳೆಯುವ ಗೊಂಚಲು. ಹೀಗಿದ್ದರೂ ಇವೆರಡೂ ನಂಟರೆಂದು ನಮ್ಮ ಹಳ್ಳಿಯವರಿಗೆ ಹೇಗೆ ತೋರಿತು? ಎದುರುಬದುರಾಗಿ ಕುಳಿತ ಎಲೆಗಳು, ಎರಡು ಎಲೆಗಳ ತೊಟ್ಟಿನ ನಡುವೆ ಕಾಣುವ ಚಿಕ್ಕ ಚೂಪು ಪೊರೆ, ನಾಲ್ಕೈದು ಎಸಳಿನ ಕೊಳವೆಯಂಥ ಹೂವು, ಎರಡು ಬೀಜದ ಹಣ್ಣು ಇವನ್ನೆಲ್ಲ ಗಮನಿಸಿದ ಕಣ್ಣಿಗೆ ಮಾತ್ರ ಹಾಗೆ ತೋರಲು ಸಾಧ್ಯ. ಇಂದಿನ ಸಸ್ಯಶಾಸ್ತ್ರ ಇವೆರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದೆ. ನಾವು ದಿನವೂ ಬೆಳಗ್ಗೆ ಕುಡಿಯುವ ಕಾಫಿಯ ಗಿಡ ಆ ಕುಟುಂಬದ್ದೇ. ಶಾಸ್ತ್ರವನ್ನು ಓದದ ಜನ ಶಾಸ್ತ್ರಜ್ಞರಷ್ಟೇ ಸರಿಯಾಗಿ ನೋಡಿದ್ದರೆಂಬುದಕ್ಕೆ ಕಿಸುಕಾರೆಯೆಂಬ ಒಂದು ಶಬ್ದವೇ ಸಾಕ್ಷಿ.

ಮಲಯಾಳದಲ್ಲಿ ಇದನ್ನು ಚೆತ್ತಿ ಅಥವಾ ತೆಚ್ಚಿ ಎನ್ನುತ್ತಾರೆ. ತಮಿಳಿನಲ್ಲಿ ವೆಟ್ಚಿ. ಈ ವೆಟ್ಚಿಗೆ ತಮಿಳು ಸಾಹಿತ್ಯದಲ್ಲಿ ದೊಡ್ಡ ಸ್ಥಾನವಿದೆ. ತಮಿಳಿನ ಅತಿ ಪ್ರಾಚೀನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂ ಯುದ್ಧದ ಹಂತಗಳನ್ನು ಹೂವುಗಳ ಹೆಸರಿನಿಂದ ವಿಂಗಡಿಸುತ್ತದೆ. ಎದುರೆದುರು ನಿಂತು ಕಾದುವುದು ತುಂಬೈ, ಎಂದರೆ ನಮ್ಮ ತುಂಬೆ. ಗೆಲುವು ವಾಗೈ, ಎಂದರೆ ನಮ್ಮ ಬಾಗೆ. ಇವೆಲ್ಲಕ್ಕೂ ಮೊದಲಿನದು, ಯುದ್ಧಕ್ಕೆ ಕಾಲು ಕೆರೆಯುವಂತೆ ಶತ್ರುವಿನ ದನಗಳನ್ನು ಹಿಡಿದು ತರುವ ಹಂತ. ಅದಕ್ಕೆ ವೆಟ್ಚಿಯೆಂದು ಹೆಸರು. ದನ ಹಿಡಿಯಲು ಹೊರಟ ವೀರರು ಕೆಂಪು ಕೇಪಳದ ಹೂವನ್ನು ಮುಡಿದು ಹೊರಡುತ್ತಿದ್ದರೆಂದು ಲಕ್ಷಣಕಾರರ ಅಭಿಪ್ರಾಯ.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಈ ಮಾತು ಹೊಸದಾಗಿ ಕೇಳಿಸದು. ತುರುಗೋಳಿನಲ್ಲಿ ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು ಕರ್ನಾಟಕದ ಊರೂರಿನ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ನಿಂತಿವೆ. 2006ರಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ ದೊರೆತ ಅತಿ ಹಳೆಯ ವೀರಗಲ್ಲೊಂದರಲ್ಲಿ ತಮಿಳು ಬ್ರಾಹ್ಮಿ ಲಿಪಿಯಲ್ಲಿ ‘ಆಕೋಳ್’ ಎಂಬ ಮಾತಿದೆ. ಆ ಎಂದರೆ ಹಸು. ಕೋಳ್ ಎಂದರೆ ಹಿಡಿಯುವುದು. ನಮ್ಮ ತುರುಗೋಳಿನ ಕೋಳೂ ಅದೇ. ಹೀಗೆ ಹಳೆಯ ದಕ್ಷಿಣ ದೇಶದಲ್ಲಿ ಹಸುವಿಗಾಗಿ ಪ್ರಾಣ ಕೊಡುವ ಪದ್ಧತಿ ಭಾಷೆಗಳ ಗಡಿಯನ್ನು ಮೀರಿ ಹರಡಿತ್ತು. ಅದರ ಹೂವಿನ ಲೆಕ್ಕವನ್ನು ತಮಿಳರು ಬರೆದಿಟ್ಟರು. ಕಲ್ಲಿನ ಲೆಕ್ಕವನ್ನು ನಾವು ಹೆಚ್ಚಾಗಿ ಉಳಿಸಿಕೊಂಡೆವು.

ಇಲ್ಲಿ ಸಂಸ್ಕೃತ ಬಲ್ಲವರು ಒಂದು ಪ್ರಶ್ನೆ ಕೇಳಬಹುದು. ಕವಿಗಳು ನಾಯಿಕೆಯ ತುಟಿಗೆ ಹೋಲಿಸುವ ಬಂಧೂಕ ಪುಷ್ಪವೂ ಇದೇ ಅಲ್ಲವೆ? ಅಮರಕೋಶ ಬಂಧೂಕಕ್ಕೆ ರಕ್ತಕ, ಬಂಧುಜೀವಕ ಎಂಬ ಪರ್ಯಾಯಗಳನ್ನು ಹೇಳುತ್ತದೆ. ಅದರ ತದ್ಭವವೇ ನಮ್ಮ ಕಾವ್ಯಗಳ ಬಂದುಗೆ. ಕೆಲವು ಪುಸ್ತಕಗಳು ಬಂಧೂಕವೆಂದರೆ ಕೇಪಳವೆಂದೇ ಅರ್ಥ ಬರೆದಿವೆ. ಆದರೆ ಋತುವನ್ನು ನೋಡಿದರೆ ಇದು ಹೊಂದುವುದಿಲ್ಲ. ಕವಿಗಳು ಬಂಧೂಕವನ್ನು ಶರದೃತುವಿನ ಗುರುತಾಗಿ ವರ್ಣಿಸುತ್ತಾರೆ. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರದಲ್ಲಿಯೂ ಅದು ಶರತ್ಕಾಲದ ಹೂವೇ. ಕೇಪಳವಾದರೋ ವರ್ಷದಲ್ಲಿ ಹಲವು ಬಾರಿ ಹೂ ಬಿಡುವ ಗಿಡ. ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಅದರ ವೈಭವ ಹೆಚ್ಚು. ಒಂದು ಋತುವಿಗೆ ಅದನ್ನು ಕಟ್ಟಿಹಾಕುವಂತಿಲ್ಲ. ಮಳೆ ನಿಲ್ಲುವ ಕಾಲಕ್ಕೆ ಗದ್ದೆಯ ಬದುಗಳಲ್ಲಿ ನಡುಹಗಲಿಗೆ ಅರಳುವ ಕೆಂಪು ಹೂವಿನ ಬೇರೊಂದು ಚಿಕ್ಕ ಗಿಡವುಂಟು. ಮಧ್ಯಾಹ್ನ ಅರಳುವುದೇ ಅದರ ವಿಶೇಷ. ಅದೇ ಬಂಧೂಕವೆಂದು ಹೇಳುವ ವಿದ್ವಾಂಸರ ಪಕ್ಷವೇ ಬಲವಾದದ್ದು. ಕೇಪಳದ ಹಿರಿಮೆಗೆ ಎರವಲು ಬಂಗಾರ ಬೇಕಾಗಿಲ್ಲ; ಅದಕ್ಕೆ ತನ್ನದೇ ಕಥೆಯಿದೆ.

ಆ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ಕೊಚ್ಚಿಯಲ್ಲಿ. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡರು. 1670ರಲ್ಲಿ ಹೆಂಡ್ರಿಕ್ ವಾನ್ ರೀಡ್ ಎಂಬ ಅಧಿಕಾರಿ ಮಲಬಾರಿನ ಡಚ್ ಆಡಳಿತಕ್ಕೆ ಮುಖ್ಯಸ್ಥನಾದ. ಆತ ಸಿಪಾಯಿಯಾಗಿ ಬಂದವನು, ವಿದ್ವಾಂಸನಲ್ಲ. ಆದರೆ ಮಲಬಾರಿನ ಕಾಡುಗಳ ನಡುವೆ ಸಂಚರಿಸುವಾಗ ಅಲ್ಲಿಯ ಹಸಿರಿನ ಸಂಪತ್ತು ಅವನ ಕಣ್ಣು ಕುಕ್ಕಿತು. ಲಾಭದ ಯೋಚನೆಯೂ ಇತ್ತೆನ್ನಿ. ಡಚ್ ಕಂಪನಿ ತನ್ನ ಆಳುಗಳಿಗೆ ಬೇಕಾದ ಔಷಧಿಯನ್ನು ಯೂರೋಪಿನಿಂದ ತರಿಸುತ್ತಿತ್ತು. ಆ ಮದ್ದುಗಳ ಮೂಲಿಕೆಗಳು ಇಲ್ಲಿಯ ಬೇಲಿಸಾಲಿನಲ್ಲಿಯೇ ಬೆಳೆಯುತ್ತಿದ್ದರೆ ಹಡಗಿನ ಬಾಡಿಗೆ ಏಕೆ? ಜೊತೆಗೆ, ಕಂಪನಿಗೆ ಸಿಂಹಳವೇ ಹೆಚ್ಚೆಂದು ವಾದಿಸುತ್ತಿದ್ದ ಮೇಲಧಿಕಾರಿಗಳಿಗೆ ಮಲಬಾರಿನ ಬೆಲೆಯೇನೆಂದು ತೋರಿಸುವ ಹಟವೂ ವಾನ್ ರೀಡನಿಗಿತ್ತು.

ಅವನು ಕೂಡಿಸಿದ ಪಂಡಿತಮಂಡಲಿ ಸೊಗಸಾದದ್ದು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಅದರಲ್ಲಿ ಮುಖ್ಯರು. ಮನೆತನದಿಂದ ಬಂದ ತಾಳೆಗರಿಯ ಗ್ರಂಥದಿಂದಲೂ ತಮ್ಮ ಅನುಭವದಿಂದಲೂ ಗಿಡಗಳ ಹೆಸರು, ಗುಣ, ಉಪಯೋಗಗಳನ್ನು ಅವರು ಹೇಳಿದರು. ಅವರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಗೋವೆಯಲ್ಲಿ ಪೋರ್ಚುಗೀಸರ ಉಪಟಳವನ್ನು ತಾಳಲಾರದೆ ಹದಿನಾರನೆಯ ಶತಮಾನದಲ್ಲಿ ದಕ್ಷಿಣಕ್ಕೆ ಹೊರಟ ಕೊಂಕಣಿಗಳಲ್ಲಿ ಅನೇಕರು ನಮ್ಮ ಕನ್ನಡ ಕರಾವಳಿಯಲ್ಲಿ ನೆಲೆಸಿದರು. ಕೆಲವರು ಕೊಚ್ಚಿಯ ತನಕ ಹೋದರು. ಹಾಗೆ ಹೋದ ಸಮಾಜದ ವಿದ್ವಾಂಸರು ಇವರು.

ಕೆಲಸ ನಡೆದ ಕ್ರಮವನ್ನು ಕೇಳಿದರೆ ತಾಳ್ಮೆಗೆ ಇನ್ನೊಂದು ಹೆಸರು ಬೇಡವೆನಿಸುತ್ತದೆ. ಗಿಡ ಬಲ್ಲ ಆಳುಗಳು ಕಾಡಿಗೆ ಹೋಗಿ ಎಲೆ, ಹೂವು, ಹಣ್ಣುಗಳ ಸಮೇತ ರೆಂಬೆಗಳನ್ನು ತರುವರು. ಚಿತ್ರಗಾರರು ಅವನ್ನು ನೋಡಿ ಚಿತ್ರ ಬರೆಯುವರು. ವೈದ್ಯರು ಮಲಯಾಳದಲ್ಲಿ ಹೇಳಿದ್ದನ್ನು ಇಮ್ಯಾನುಯೆಲ್ ಕಾರ್ನೇರೊ ಎಂಬ ದುಭಾಷಿ ಪೋರ್ಚುಗೀಸಿಗೆ ತಿರುಗಿಸುವನು. ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಗುವುದು. 1675ರ ಏಪ್ರಿಲಿನಲ್ಲಿ ಇಟ್ಟಿ ಅಚ್ಯುತನ್ನರೂ ಕೊಂಕಣಿ ವೈದ್ಯರೂ ತಾವು ಹೇಳಿದ್ದೆಲ್ಲ ಸತ್ಯವೆಂದು ತಮ್ಮ ತಮ್ಮ ಲಿಪಿಗಳಲ್ಲಿಯೇ ಬರೆದುಕೊಟ್ಟ ಪ್ರಮಾಣಪತ್ರಗಳು ಗ್ರಂಥದ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ‘ಹೊರ್ಟುಸ್ ಮಲಬಾರಿಕುಸ್’, ಎಂದರೆ ಮಲಬಾರಿನ ಉದ್ಯಾನ, ಎಂಬ ಈ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. 740ಕ್ಕೂ ಹೆಚ್ಚು ಗಿಡಗಳ ವರ್ಣನೆ ಅದರಲ್ಲಿದೆ. ಮಲಯಾಳ ಲಿಪಿ ಅಚ್ಚಿನಲ್ಲಿ ಕಾಣಿಸಿಕೊಂಡ ಮೊದಮೊದಲ ಪುಸ್ತಕವೂ ಇದೇ. ಕೊನೆಯ ಸಂಪುಟವನ್ನು ವಾನ್ ರೀಡ್ ನೋಡಲಿಲ್ಲ; 1691ರಲ್ಲಿ ಸಮುದ್ರಯಾನದಲ್ಲಿಯೇ ತೀರಿಕೊಂಡ ಅವನ ಸಮಾಧಿ ಸೂರತ್ತಿನಲ್ಲಿದೆ.

ಈ ಗ್ರಂಥದ ಎರಡನೆಯ ಸಂಪುಟದಲ್ಲಿ, ಪೊದೆಗಿಡಗಳ ನಡುವೆ, ನಮ್ಮ ಕೇಪಳ ‘ಷೆಟ್ಟಿ’ ಎಂಬ ಹೆಸರಿನಿಂದ ಕುಳಿತಿದೆ. ಚೆತ್ತಿಯೆಂಬ ಮಲಯಾಳ ಹೆಸರು ಡಚ್ಚರ ಕಿವಿಗೆ ಕೇಳಿಸಿದ ಬಗೆ ಅದು. ಅದರ ಹತ್ತಿರವೇ ‘ಬೆಂ ಷೆಟ್ಟಿ’ ಎಂಬ ಬಿಳಿ ಹೂವಿನ ಇನ್ನೊಂದು ಗಿಡವಿದೆ. ವೆಣ್ ಎಂದರೆ ಬಿಳಿ. ನಮ್ಮ ಬೆಳ್ಳಿ, ಬೆಣ್ಣೆಗಳಲ್ಲಿರುವ ಬಿಳುಪೇ ಅದು. ಕರಾವಳಿಯ ಗುಡ್ಡದ ಗಿಡವೊಂದು ಆಮ್‌ಸ್ಟರ್‌ಡ್ಯಾಮಿನ ಅಚ್ಚುಕೂಟಕ್ಕೆ ಹೋದದ್ದು ಹೀಗೆ, ತನ್ನ ಮನೆಯ ಹೆಸರಿನೊಂದಿಗೇ. ಹೆಸರು ಬದಲಾದದ್ದು ಆ ಮೇಲೆ.

ಸ್ವೀಡನ್ ದೇಶದ ಲಿನೀಯಸ್ ಮಹಾಶಯನು ಗಿಡಗಳಿಗೆಲ್ಲ ಎರಡೆರಡು ಮಾತಿನ ಹೆಸರು ಕೊಟ್ಟು ಲೋಕದ ಸಸ್ಯರಾಶಿಯನ್ನು ಪಟ್ಟಿಗೆ ತಂದವನು. ವಾನ್ ರೀಡನ ಗ್ರಂಥದಲ್ಲಿ ಅವನಿಗೆ ಬಹಳ ವಿಶ್ವಾಸ. ಇದಲ್ಲದೆ ಪೌಲ್ ಹೆರ್ಮನ್ ಎಂಬ ವೈದ್ಯ ಸಿಂಹಳದಲ್ಲಿ ಒಣಗಿಸಿ ಕೂಡಿಸಿಟ್ಟ ಗಿಡಗಳ ಸಂಗ್ರಹವೂ ಅವನ ಕೈಗೆ ಬಂದಿತ್ತು. ಅದನ್ನು ನೋಡಿಯೇ 1747ರಲ್ಲಿ ಸಿಂಹಳದ ಸಸ್ಯಗಳ ಮೇಲೆ ಒಂದು ಪುಸ್ತಕ ಬರೆದ. 1753ರ ತನ್ನ ಮಹಾಗ್ರಂಥದಲ್ಲಿ ಕೇಪಳಕ್ಕೆ ಅವನು ಕೊಟ್ಟ ಹೆಸರು ‘ಇಕ್ಸೋರ ಕಾಕ್ಸೀನಿಯ’. ಎರಡನೆಯ ಮಾತಿನ ಅರ್ಥ ಕಡುಗೆಂಪು ಎಂದು. ಮೊದಲನೆಯ ಮಾತಿನ ಅರ್ಥವೇನು?

ಲ್ಯಾಟಿನ್ ನಿಘಂಟಿನಲ್ಲಿ ಹುಡುಕಿದರೆ ಸಿಗದು, ಗ್ರೀಕಿನಲ್ಲಿಯೂ ಇಲ್ಲ. ಅದನ್ನು ಹುಡುಕಬೇಕಾದದ್ದು ನಮ್ಮ ದೇವರ ಕೋಣೆಯಲ್ಲಿ. ಪೋರ್ಚುಗೀಸರ ಬರವಣಿಗೆಯಲ್ಲಿ ಇಂಗ್ಲಿಷಿನ ‘ಎಕ್ಸ್’ ಅಕ್ಷರಕ್ಕೆ ‘ಶ’ ಎಂಬ ಉಚ್ಚಾರಣೆಯುಂಟು. ಪಾರಸಿಯ ಷಾ ಎಂಬ ಬಿರುದನ್ನು ಅವರು ಬರೆಯುವುದು ಆ ಅಕ್ಷರದಿಂದಲೇ. ಇಲ್ಲಿಯವರು ‘ಈಶ್ವರ’ ಎಂದದ್ದನ್ನು ಕೇಳಿದ ಪೋರ್ಚುಗೀಸರು ತಮ್ಮ ಕಾಗುಣಿತದ ಪ್ರಕಾರ ಬರೆದರು. ಅವರು ಅದನ್ನು ಓದುತ್ತಿದ್ದದ್ದು ‘ಇಶೋರ’ ಎಂದು. ಪೋರ್ಚುಗೀಸಿನ ಕಟ್ಟು ತಿಳಿಯದವರು ಅದನ್ನೇ ‘ಇಕ್ಸೋರ’ ಎಂದು ಓದಿದರು. ಮಲಬಾರಿನ ಜನ ಈಶ್ವರನ ಪೂಜೆಗೆ ಅರ್ಪಿಸುವ ಹೂವೆಂದು ಲಿನೀಯಸ್ ಆ ಹೆಸರನ್ನೇ ಗಿಡಕ್ಕೆ ಇಟ್ಟ. ಈಶ್ವರನೆಂಬ ಶಬ್ದ ಪೋರ್ಚುಗೀಸ್ ಅಕ್ಷರದ ಅಂಗಿ ತೊಟ್ಟು, ಲ್ಯಾಟಿನ್ ಟೋಪಿಯಿಟ್ಟು, ಸ್ವೀಡನ್ನಿನಲ್ಲಿ ಮುದ್ರೆ ಒತ್ತಿಸಿಕೊಂಡು ನಮ್ಮ ಸಸಿ ಅಂಗಡಿಗೆ ಮರಳಿ ಬಂದಿದೆ. ನಾವು ಅದನ್ನು ಹೊರದೇಶದ ಹೆಸರೆಂದು ಭಾವಿಸಿ ನಾಲಿಗೆ ತಿರುಚುತ್ತಿದ್ದೇವೆ!

ಹೆಸರಿಟ್ಟ ಲಿನೀಯಸನ ಕೀರ್ತಿ ಲೋಕಕ್ಕೆಲ್ಲ ಗೊತ್ತು. ಹೇಳಿಕೊಟ್ಟ ವೈದ್ಯರ ಗತಿಯೇನು? ಬ್ಲೂಮ್ ಎಂಬ ಡಚ್ ಸಸ್ಯಶಾಸ್ತ್ರಜ್ಞ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಸಸ್ಯಕುಲಕ್ಕೆ ‘ಆಚುಡೆಮಿಯ’ ಎಂದು ಹೆಸರಿಟ್ಟು ಅಚ್ಯುತನ್ನರ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸಿದ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಬುಕನನ್ ಮುಂದೆ ಈ ಗ್ರಂಥಕ್ಕೆ ಒಂದು ವ್ಯಾಖ್ಯಾನವನ್ನೇ ಬರೆದ. ಆದರೂ ಇಡೀ ಗ್ರಂಥ ನಮ್ಮವರಿಗೆ ಓದಲು ದೊರೆತದ್ದು ಬಹಳ ತಡವಾಗಿ. ಕೇರಳದ ಸಸ್ಯಶಾಸ್ತ್ರಜ್ಞರಾದ ಕೆ. ಎಸ್. ಮಣಿಲಾಲರು ಹಲವು ದಶಕಗಳ ದುಡಿಮೆಯಿಂದ ಅದನ್ನು ಮೊದಲು ಇಂಗ್ಲಿಷಿಗೆ, ಆ ಮೇಲೆ ಮಲಯಾಳಕ್ಕೆ ತಂದರು. ಇಂಗ್ಲಿಷ್ ಆವೃತ್ತಿಯನ್ನು ಕೇರಳ ವಿಶ್ವವಿದ್ಯಾನಿಲಯ 2003ರಲ್ಲಿ ಪ್ರಕಟಿಸಿತು. ಎಂದರೆ, ನಮ್ಮ ವೈದ್ಯರು ಹೇಳಿದ ಮಾತು ನಮ್ಮ ಕಿವಿಗೆ ಮರಳಲು ಮುನ್ನೂರಿಪ್ಪತ್ತೈದು ವರ್ಷ ಹಿಡಿಯಿತು. 2025ರ ಜನವರಿಯಲ್ಲಿ ತೀರಿಕೊಂಡ ಮಣಿಲಾಲರನ್ನು ನೆನೆಯದೆ ಈ ಕಥೆಯನ್ನು ಮುಂದುವರಿಸುವುದು ಕೃತಘ್ನತೆಯಾದೀತು.

ಯೂರೋಪಿಗೆ ಹೋದ ಕೇಪಳದ ಬಾಳು ಸುಖದ್ದಾಗಿತ್ತೆನ್ನಲಾರೆವು. ಹಿಮ ಬೀಳುವ ನಾಡಿನಲ್ಲಿ ಅದು ಹೊರಗೆ ಬದುಕುವಂತಿಲ್ಲ. ಶ್ರೀಮಂತರು ಕಾಯಿಸಿದ ಗಾಜಿನ ಮನೆಗಳಲ್ಲಿ ಅದನ್ನು ಸಾಕಿದರು. ಚರ್ಮ ಹದಮಾಡಿ ಮಿಕ್ಕ ಮರದ ತೊಗಟೆಯನ್ನು ಹೊಂಡದಲ್ಲಿ ತುಂಬಿದರೆ ಅದು ಕೊಳೆಯುತ್ತ ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಕುಂಡಗಳನ್ನು ಹುಗಿದಿಡುತ್ತಿದ್ದರು. ಮುಂದೆ ಬಿಸಿನೀರಿನ ಕೊಳವೆಗಳು ಬಂದವು. 1829ರಲ್ಲಿ ಲಂಡನ್ನಿನ ವಾರ್ಡ್ ಎಂಬ ವೈದ್ಯ, ಬಿಗಿಯಾಗಿ ಮುಚ್ಚಿದ ಗಾಜಿನೊಳಗೆ ಗಿಡಗಳು ತಮ್ಮ ತೇವದಿಂದಲೇ ಬಹುಕಾಲ ಬದುಕುವುದನ್ನು ಕಂಡುಹಿಡಿದ. ಅವನ ಗಾಜಿನ ಪೆಟ್ಟಿಗೆಗಳಿಂದ ಉಷ್ಣದೇಶದ ಸಸಿಗಳು ಹಡಗಿನ ಉಪ್ಪುಗಾಳಿಯನ್ನು ತಡೆದು ಜೀವಂತವಾಗಿ ತಲಪತೊಡಗಿದವು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕ ರದ್ದಾಗಿ ಗಾಜಿನ ಮನೆಗಳು ಮಧ್ಯಮ ವರ್ಗದವರಿಗೂ ಎಟಕಿದವು. ಆ ಕಾಲದ ಪುಷ್ಪಪ್ರದರ್ಶನಗಳಲ್ಲಿ ಕುಂಡದ ಇಕ್ಸೋರ ಒಂದು ಪ್ರತಿಷ್ಠೆಯ ಗಿಡ. ಕಡ್ಡಿಗಳನ್ನು ನೆಟ್ಟು, ರೆಂಬೆಗಳನ್ನು ಬಾಗಿಸಿ ಕಟ್ಟಿ, ಗೋಪುರದಂತೆ ರೂಪಿಸಿ ಸ್ಪರ್ಧೆಗೆ ತರುತ್ತಿದ್ದರು. ನಮ್ಮ ಗುಡ್ಡದಲ್ಲಿ ಆಡು ಮೇಯ್ದು ಬಿಡುವ ಗಿಡಕ್ಕೆ ಅಲ್ಲಿ ಪದಕ! ಕುಂಡದಲ್ಲಿ ಅಡಕವಾಗಿ ಬೆಳೆಸುವ ಕಲೆ ಬಲಿತದ್ದು ಈ ಬಗೆಯ ಒತ್ತಾಯದಿಂದ.

ಚೀನಾ, ಮಲಯ, ಜಾವಾ ಕಡೆಯಿಂದ ಕೇಪಳದ ನಂಟರೂ ತೋಟಗಳಿಗೆ ಬಂದರು. ಈ ಕುಲದಲ್ಲಿ ಐನೂರಕ್ಕೂ ಹೆಚ್ಚು ಜಾತಿಗಳಿವೆ. ಕಿತ್ತಳೆ, ಹಳದಿ, ಗುಲಾಬಿ, ಬಿಳಿ ಬಣ್ಣದವನ್ನು ಒಂದಕ್ಕೊಂದು ಬೆರೆಸಿ, ಗಿಡ್ಡಗಿಡ್ಡನೆಯವನ್ನು ಆರಿಸಿ, ಇಂದು ಅಂಗಡಿಯಲ್ಲಿ ಕಾಣುವ ಸಣ್ಣೆಲೆಯ ಕುಳ್ಳ ತಳಿಗಳನ್ನು ಪಡೆದರು. ಅಂಗಡಿಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆಯೆಂದದ್ದು ಇದಕ್ಕಾಗಿಯೇ. ಥಾಯ್‌ಲೆಂಡಿನಲ್ಲಿ ಇದನ್ನು ‘ದೋಕ್ ಖೆಮ್’ ಎನ್ನುತ್ತಾರೆ, ಸೂಜಿಹೂವೆಂದು ಅರ್ಥ. ಮೊಗ್ಗಿನ ಚೂಪನ್ನು ನೋಡಿದರೆ ಹೆಸರು ಒಪ್ಪುತ್ತದೆ. ಅಲ್ಲಿಯ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಗುರುವಂದನೆಯ ದಿನ ಮಕ್ಕಳು ಗುರುಗಳಿಗೆ ಒಪ್ಪಿಸುವ ತಟ್ಟೆಯಲ್ಲಿ ಈ ಹೂವು, ಗರಿಕೆ, ಬದನೆಯ ಹೂವು, ಅರಳು ಇವು ಇರಬೇಕು. ಬುದ್ಧಿ ಸೂಜಿಯಂತೆ ಹರಿತವಾಗಲಿ, ವಿದ್ಯೆ ಗರಿಕೆಯಂತೆ ಹಬ್ಬಲಿ, ಬದನೆಯ ಹೂವಿನಂತೆ ತಲೆ ಬಾಗಿರಲಿ ಎಂದು ಇದರ ಭಾವ. ಉಪಾಧ್ಯಾಯ ವೃತ್ತಿಯಲ್ಲಿ ತಲೆ ನರೆತ ನನ್ನಂಥವರಿಗೆ ಈ ಪದ್ಧತಿ ಬಹಳ ಹಿಡಿಸುತ್ತದೆ. ಗರಿಕೆ, ಅರಳುಗಳನ್ನು ನೋಡಿದರೆ ಅದು ಪರದೇಶದ್ದೆಂದು ತೋರುವುದೂ ಇಲ್ಲ. ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ ಇದೇ ಕುಲದ ಹೂವಿಗೆ ‘ಫಾಯಾ ಲೋಬಿ’, ಎಂದರೆ ಬೆಂಕಿಯಂಥ ಒಲವು, ಎಂದು ಹೆಸರು; ಅದು ಆ ದೇಶದ ರಾಷ್ಟ್ರಪುಷ್ಪ.

ಇನ್ನು ನಮ್ಮ ಕಡೆಗೆ ಬರೋಣ. ಕರಾವಳಿಯ ಕೇಪಳಕ್ಕೆ ಘಟ್ಟ ಹತ್ತಿ ಬಂದರೂ ತೊಂದರೆಯಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಹವೆ ಸೌಮ್ಯ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ದೇಶವಿದೇಶದ ಅಲಂಕಾರದ ಗಿಡಗಳಿಗೆ ನಮ್ಮ ನಾಡಿನ ಹೆಬ್ಬಾಗಿಲಾಯಿತು. ಉದ್ಯಾನದ ರುಚಿ ಅಲ್ಲಿಂದ ಬಂಗಲೆಗಳಿಗೂ, ಬಂಗಲೆಗಳಿಂದ ಸಾಧಾರಣ ಮನೆಯ ಜಗುಲಿಗೂ ಇಳಿಯಿತು. ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಈ ಗಿಡಕ್ಕೆ ಆಗದು. ಅಂಥ ಚಳಿ ನಮ್ಮ ಪಟ್ಟಣಗಳಲ್ಲಿ ಅಪರೂಪ. ಮಾರ್ಗಶಿರ, ಪುಷ್ಯಮಾಸಗಳಲ್ಲಿ ಹೂವು ಸ್ವಲ್ಪ ಕಡಮೆಯಾದರೆ ಗಾಬರಿಪಡಬೇಕಾಗಿಲ್ಲ.

ಕುಂಡದಲ್ಲಿ ಬೆಳೆಸುವವರು ಒಂದೇ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕು. ಇದು ಮುರಕಲ್ಲಿನ ಗುಡ್ಡದ ಮಗು. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ತುಂಬಿದೆ. ಸುಣ್ಣ ಬಹಳ ಕಡಮೆ. ಬಿದ್ದ ಮಳೆ ನಿಲ್ಲದೆ ಇಳಿದುಹೋಗುತ್ತದೆ. ಮಣ್ಣು ತುಸು ಹುಳಿ. ಪಟ್ಟಣದ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಸಿಮೆಂಟಿನ ಗೋಡೆಯ ಬುಡದ ಮಣ್ಣಿನಲ್ಲಿ ಸುಣ್ಣ. ಕೊಳವೆಬಾವಿಯ ಗಡಸುನೀರಿನಲ್ಲಿಯೂ ಸುಣ್ಣ. ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಆಗ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದನ್ನು ನೋಡಿ ಗೊಬ್ಬರ ಸಾಲದೆಂದು ಇನ್ನಷ್ಟು ಗೊಬ್ಬರ ಸುರಿಯುವವರುಂಟು. ಇದು ಹಸಿವಲ್ಲ, ಅಜೀರ್ಣ. ಸುಣ್ಣಕಲ್ಲಿನ ನೆಲದ ಫ್ಲಾರಿಡಾದಲ್ಲಿ ಈ ಗಿಡವನ್ನು ಬೆಳೆಸುವವರಿಗೂ ಇದೇ ದೊಡ್ಡ ತಲೆನೋವು.

ಆದ್ದರಿಂದ ಹತ್ತು ಹನ್ನೆರಡು ಅಂಗುಲದ ಮಣ್ಣಿನ ಕುಂಡವನ್ನು ತೆಗೆದುಕೊಳ್ಳಿ. ತಳದ ತೂತಿನ ಮೇಲೆ ಹೆಂಚಿನ ಚೂರನ್ನು ಬೋರಲಾಗಿ ಇಡಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ ತುಂಬಿ. ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಸೇರಿಸಬೇಡಿ. ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳಬೇಕು; ಮೂಡಣದ ಎಳೆಬಿಸಿಲು ಬಹಳ ಒಳ್ಳೆಯದು. ಮೇಲ್ಮಣ್ಣು ಒಣಗಿದಾಗ ನೀರು ಕೊಡಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಮಳೆನೀರನ್ನು ಹಿಡಿದಿಟ್ಟು ಹಾಕುವವರ ಗಿಡ ಬೇರೆಯೇ ಕಳೆಯಿಂದಿರುತ್ತದೆ. ಎಲೆ ಹಳದಿಗೆ ತಿರುಗಿದರೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಲೀಟರ್ ನೀರಿಗೆ 5 ಗ್ರಾಮಿನಂತೆ ಕರಗಿಸಿ ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಿ. ಅದು ಕಬ್ಬಿಣದ ಲವಣ. ಎಲೆಯ ಮೂಲಕವೇ ಒಳಗೆ ಹೋಗುತ್ತದೆ. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆಯಾಗುವುದರಿಂದ ಕುಂಡವನ್ನು ಪಕ್ಕಕ್ಕಿಟ್ಟು ಈ ಕೆಲಸ ಮಾಡುವುದು ಮೇಲು.

ಕತ್ತರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೇಪಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿ ಒಪ್ಪವಾಗಿರಬೇಕೆಂದು ಹದಿನೈದು ದಿನಕ್ಕೊಮ್ಮೆ ತಲೆ ಬೋಳಿಸಿದರೆ ಮೊಗ್ಗು ಮೂಡುವ ತುದಿಯೇ ಉಳಿಯುವುದಿಲ್ಲ. ಒಂದು ಸರತಿ ಹೂವು ಮುಗಿದ ಮೇಲೆ ಬಾಡಿದ ಗೊಂಚಲನ್ನು ಎರಡು ಜೊತೆ ಎಲೆಗಳ ಸಮೇತ ಕತ್ತರಿಸಿ, ಆ ಬಳಿಕ ಸುಮ್ಮನೆ ಬಿಡಿ. ಕವಲೊಡೆದು ಗಿಡ ತುಂಬಿಕೊಳ್ಳುತ್ತದೆ. ಕತ್ತರಿಸಿದ ಬಲಿತ ಕಡ್ಡಿಗಳನ್ನು ಎಸೆಯಬೇಕಾಗಿಲ್ಲ. ಮಳೆಗಾಲದ ಆರಂಭದಲ್ಲಿ ನಾಲ್ಕಾರು ಅಂಗುಲದ ತುಂಡುಗಳನ್ನು, ಕೆಳಗಿನ ಎಲೆ ತೆಗೆದು, ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಎರಡು ತಿಂಗಳ ಹೊತ್ತಿಗೆ ಬೇರು ಬಿಡುತ್ತದೆ. ಹಿಟ್ಟುತಿಗಣೆ ಬಂದರೆ ಬೇವಿನೆಣ್ಣೆಯನ್ನು ತುಸು ಸಾಬೂನಿನ ನೀರಿನಲ್ಲಿ ಕಲಸಿ ಎಲೆಯ ಹಿಂಬದಿಗೆ ಹೊಡೆಯಿರಿ. ಇರುವೆಗಳ ಸಾಲು ಕಂಡರೆ ತಿಗಣೆ ಇದೆಯೆಂದೇ ತಿಳಿಯಿರಿ. ಇಷ್ಟಾದರೆ ಉದ್ದ ಕೊಳವೆಯ ಹೂವಿನ ಮಕರಂದಕ್ಕೆ ಚಿಟ್ಟೆಗಳು ತಾವಾಗಿ ಬರುತ್ತವೆ.

ಕೊನೆಗೊಂದು ಮಾತು. ಕರಾವಳಿಯಲ್ಲಿ ಈ ಹೂವು ದೇವರಿಗೂ ಸಲ್ಲುತ್ತದೆ, ಅಡುಗೆಮನೆಗೂ ಸಲ್ಲುತ್ತದೆ. ಹೂವಿನ ತಂಬುಳಿ ಬಲ್ಲವರಿಗೆ ಅದರ ರುಚಿ ಗೊತ್ತು. ಇದರ ಕಪ್ಪುಗೆಂಪು ಹಣ್ಣನ್ನು ಶಾಲೆಯ ಹಾದಿಯಲ್ಲಿ ತಿನ್ನುತ್ತ ಬೆಳೆದ ತಲೆಮಾರು ಇನ್ನೂ ಇದೆ. ಆದರೆ ಗುಡ್ಡಗಳು ಮೊದಲಿನಂತಿಲ್ಲ. ಮುರಕಲ್ಲು ಕೊಯ್ಯುವ ಕಣಿಗಳು, ರಬ್ಬರಿನ ತೋಟಗಳು, ಅಗಲವಾಗುವ ರಸ್ತೆಗಳು ಇವುಗಳ ನಡುವೆ ಕುರುಚಲು ಪೊದೆಯನ್ನು ಲೆಕ್ಕಕ್ಕೆ ಇಡುವವರಿಲ್ಲ. ಮರ ಕಡಿದರೆ ಕೇಳುವವರುಂಟು, ಪೊದೆ ಸವರಿದರೆ ‘ಸ್ವಚ್ಛವಾಯಿತು’ ಎನ್ನುತ್ತೇವೆ. ಅತ್ತ ಗುಡ್ಡದಲ್ಲಿ ಕೇಪಳವನ್ನು ಕಿತ್ತು, ಇತ್ತ ಪಟ್ಟಣದಲ್ಲಿ ಇಕ್ಸೋರವನ್ನು ಕೊಂಡು ತರುವುದು ವಿಚಿತ್ರವಾದ ವ್ಯಾಪಾರ. ಕಾಫಿ ಹೊರಗಿನಿಂದ ಬಂದು, ಬಾಬಾಬುಡನ್ ಗಿರಿಯ ಐತಿಹ್ಯ ಹೇಳುವಂತೆ, ನಮ್ಮದಾಯಿತು. ಅದರ ನಂಟನಾದ ಕೇಪಳ ನಮ್ಮದಾಗಿದ್ದು ಹೊರಗಿನದಾಗುತ್ತಿದೆ.

ಮನೆಯಲ್ಲಿ ಕುಂಡವಿದ್ದವರು ಅಂಗಡಿಯ ಕುಳ್ಳ ತಳಿಯನ್ನು ಸಂತೋಷವಾಗಿ ಬೆಳೆಸಲಿ. ಊರಿನ ಕಡೆ ಗುಡ್ಡವೋ ತೋಟವೋ ಇದ್ದವರು ಅಲ್ಲಿಯ ಒಂದು ಕಡ್ಡಿಯನ್ನು ತಂದು ಅದರ ಪಕ್ಕದಲ್ಲಿಯೇ ಊರಲಿ. ಮಕ್ಕಳು ಇದೇನೆಂದು ಕೇಳಿದಾಗ ಕೇಪಳ, ಕಿಸುಕಾರೆ, ಚೆತ್ತಿ, ವೆಟ್ಚಿ ಎಂಬ ಹೆಸರುಗಳನ್ನು ಹೇಳಿ, ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರ ಕಥೆಯನ್ನೂ ಹೇಳಬಹುದು. ಹೆಸರು ಮರೆಯದಂತೆ ಕುಂಡದ ಮೇಲೆ ಕನ್ನಡದಲ್ಲಿ ‘ಕೇಪಳ’ ಎಂದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಬಣ್ಣದಲ್ಲಿ ಬರೆಯಿರಿ, ಸುಣ್ಣದಲ್ಲಿ ಮಾತ್ರ ಬೇಡ.